ತೋಪಿನಲ್ಲಿ ಹಾಕಿದ ಎಲೆ

ಹೆಂಡತಿ ಸರಸ್ವತೀಬಾಯಿ ತೀರಿಕೊಂಡ ಮೇಲೆ ಬಂಡೂರಾಯರಿಗೆ ಒಂದು ಕಡೆ ಕೂಡುವುದೇ ಆಗದಂತಾಯಿತು. ನಿಜಾಮ ಸರಕಾರದ ಅದಾಲತ್ತಿನಲ್ಲಿ ಆಯುಷ್ಯದ ಬಹುಭಾಗವನ್ನು ಗಾದಿಯ ಮೇಲೆ ಕೂತೇ ಕಳೆದವರು ಅವರು. ಈಗ ನಿವೃತ್ತಿಯ ವಜೀಫೆ ಬರುತ್ತಿತ್ತು, ಕಲಬುರಗಿಯ ಬ್ರಹ್ಮಪುರದಲ್ಲಿ ಸ್ವಂತ ಮನೆಯಿತ್ತು, ಮನೆಯ ಮುಂದೆ ಬೇವಿನ ನೆರಳಿನ ಕಟ್ಟೆಯಿತ್ತು. ಕಟ್ಟೆಯ ಮೇಲೆ ಕೂತರೆ ಒಳಗಿನಿಂದ ಯಾರೋ ಕರೆದಂತಾಗುತ್ತಿತ್ತು. ಒಳಗೆ ಹೋದರೆ ಯಾರೂ ಇರುತ್ತಿರಲಿಲ್ಲ. ಮತ್ತೆ ಹೊರಗೆ ಬರುತ್ತಿದ್ದರು.

ಹಿಂದಿನ ವರ್ಷ ಊರಿಗೆಲ್ಲ ಹಬ್ಬಿದ ಜ್ವರ ಎಷ್ಟೋ ಮನೆಗಳನ್ನು ಬರಿದು ಮಾಡಿ ಹೋಗಿತ್ತು. ಇವರ ಮನೆಯಿಂದ ಹೋದದ್ದು ಒಂದೇ ಜೀವ. ವರ್ಷಾಂತದ ಶ್ರಾದ್ಧವೂ ಮುಗಿದು, ಇನ್ನು ಹಬ್ಬ ಹುಣ್ಣಿಮೆ ಮಾಡಲು ಅಡ್ಡಿಯಿಲ್ಲವೆಂದು ಪುರೋಹಿತರು ಹೇಳಿದ್ದರು. ರಾಯರು ತಾವೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಬೆಂದಿತೋ ಇಲ್ಲವೋ ನೋಡುತ್ತಿರಲಿಲ್ಲ. ನಿಂತು ಉಣ್ಣುವುದು ನಿಷಿದ್ಧವೆಂದು ತಿಳಿದವರೇ ಒಲೆಯ ಪಕ್ಕದಲ್ಲಿ ನಿಂತು ಎರಡು ತುತ್ತು ನುಂಗಿ, ಕೈ ತೊಳೆದು, ರುಮಾಲು ಸುತ್ತಿಕೊಂಡು ನಡೆಯಲು ಹೊರಡುತ್ತಿದ್ದರು. ಕೋಟೆಯ ಕಂದಕದ ಅಂಚು, ಅಲ್ಲಿಂದ ಕೆರೆಯ ಏರಿ, ಏರಿಯಿಂದ ಸರಕಾರದ ಬಾಗು, ಅಂದರೆ ಉದ್ಯಾನ. ಬಾಗಿನಲ್ಲಿ ಹೂವಿನ ಪಾತಿಗಳ ನಡುವೆ ಕೆಂಪು ಮೊರಮು ಹಾಕಿದ ಸುತ್ತುದಾರಿ ಇತ್ತು. ಸಂಜೆಗೆ ಗಾಳಿ ಸೇವಿಸಲು ಬಂದವರು ಅಲ್ಲಿ ಒಂದು ಸುತ್ತು ಹಾಕಿ ಕಲ್ಲಿನ ಬೆಂಚಿನ ಮೇಲೆ ಕೂಡುತ್ತಿದ್ದರು. ರಾಯರು ಕೂಡುತ್ತಿರಲಿಲ್ಲ.

"ರಾಯಸಾಬ್, ನಿಮ್ಮ ಕಾಲಿಗೆ ಯಾರರೆ ಗಡಿಯಾರದ ಚಾವಿ ಕೊಟ್ಟಾರೇನ್ರಿ?" ಎಂದು ಬಾಗಿನ ಮಾಲಿ ನೀರು ಹಾಕುತ್ತಲೇ ಕೇಳುತ್ತಿದ್ದ.

"ಚಾವಿ ಮುಗಿದ ಮ್ಯಾಲ ತಾನೇ ನಿಂದರ್ತದಪಾ," ಎಂದು ರಾಯರು ಮುಂದೆ ಹೋಗುತ್ತಿದ್ದರು.

ಕಾರ್ತೀಕ ಮಾಸದ ಒಂದು ಮುಂಜಾನೆ ಅದೇ ಸುತ್ತುದಾರಿಯಲ್ಲಿ ಯಾರೋ ಬೆನ್ನು ಹತ್ತಿ ಬಂದರು. ತಿರುಗಿ ನೋಡಿದರೆ ಕಮಲಾಪುರದ ಮಾಪಣ್ಣ. ಕೆಂಪು ಬಾಳೆಯ ತೋಟ ಇಟ್ಟುಕೊಂಡ ಒಕ್ಕಲಿಗ, ಗೊನೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಕಲಬುರಗಿಯ ಗಂಜ್ ಪೇಟೆಗೆ ಬರುವವನು. ರಾಯರ ಮಗಳು ಸಕ್ಕೂಬಾಯಿಯನ್ನು ಕೊಟ್ಟ ಮನೆಯ ಓಣಿಯವನೇ.

"ನಿಂದರ್ರಿ ರಾಯರ, ಕಮಲಾಪುರದಿಂದ ಬಂದದ್ದಕ್ಕ ದಣಿದಿದ್ದಿಲ್ಲ ನಾ. ನಿಮ್ಮ ಬೆನ್ನು ಹತ್ತಿ ದಣದೀನಿ."

"ಸಕ್ಕೂ ಆರಾಮ ಇದ್ದಾಳಿಲ್ಲೋ?"

"ಆರಾಮ ಅದಾರ‍್ರಿ. ಚತುರ್ದಶಿಗಿ ನೆಲ್ಲಿ ಗಿಡದ ಬುಡಕ ಊಟ ಇಟ್ಟಾರಂತ. ಕರಕೊಂಡೇ ಬಾ ಅಂದಾರ. 'ಊಟ ಹಳ್ಳದ ದಂಡಿ ಮ್ಯಾಲ, ಮನಿಯಾಗಲ್ಲ, ಅಷ್ಟು ಮರೀದೆ ಹೇಳು' ಅಂತ ಎರಡೆರಡು ಸಲ ಹೇಳ್ಯಾರ ಅಕ್ಕೋರು."

ಎರಡೆರಡು ಸಲ ಹೇಳಿದ್ದಕ್ಕೆ ಕಾರಣವಿತ್ತು. ಕೊಟ್ಟ ಮಗಳಿಗೆ ಮಗು ಹುಟ್ಟುವ ತನಕ ಅವಳ ಮನೆಯಲ್ಲಿ, ಆ ಮನೆಯವರ ನೆಲದಲ್ಲಿ ತಂದೆತಾಯಿ ಅನ್ನವಿರಲಿ, ನೀರನ್ನೂ ಮುಟ್ಟಬಾರದು. ದಾನ ಕೊಟ್ಟಲ್ಲಿ ಉಣ್ಣುವುದೆಂದರೆ ಕೊಟ್ಟದ್ದನ್ನು ಹಿಂದೆ ತೆಗೆದುಕೊಂಡಂತೆ. ಇದು ಅವರ ಕುಲದ ಕಟ್ಟು. ರಾಯರ ತಂದೆ ನಡೆಸಿದ್ದರು, ಅಜ್ಜ ನಡೆಸಿದ್ದರು. ಸಕ್ಕೂಬಾಯಿಯ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಗುವಾಗಿರಲಿಲ್ಲ. ಗಂಡಹೆಂಡಿರು ಕಮಲಾಪುರಕ್ಕೆ ಹೋದಾಗಲೆಲ್ಲ ಬೀಗರ ಕಟ್ಟೆಯ ಮೇಲೆ ಕೂತು ಮಾತನಾಡಿ, ಇಳಿದುಕೊಳ್ಳುವುದು ಮಾತ್ರ ಮಾರುತಿ ಗುಡಿಯಲ್ಲಿ. ಹಳ್ಳದ ನೀರು ತಂದು ಗುಡಿಯ ಪೌಳಿಯಲ್ಲಿ ಮೂರು ಕಲ್ಲು ಹೂಡಿ ಬೇಯಿಸಿ ಉಣ್ಣುವುದು. ಆದರೆ ವನಭೋಜನಕ್ಕೆ ಆ ಕಟ್ಟು ತಾಗುವುದಿಲ್ಲ. ತೋಪು ಬೀಗರ ಮನೆಯೂ ಅಲ್ಲ, ನೆಲವೂ ಅಲ್ಲ.

ಮಗಳ ಕೈಯಡಿಗೆ ಉಂಡು ಯಾವ ಕಾಲವಾಯಿತೋ. ಈ ಸಲ ಅವಳ ಅವ್ವನೂ ಇಲ್ಲ. "ಬರ್ತೀನಿ," ಎಂದರು ರಾಯರು.

ಗಾಡಿಯಲ್ಲಿ ಹುಲ್ಲು ಹಾಸಿ ಮೇಲೆ ಜಮಖಾನೆ ಹಾಸಿದ್ದ ಮಾಪಣ್ಣ. ಶಹರ ದಾಟುವಷ್ಟರಲ್ಲಿ ರಾಯರು ಕೆಳಗಿಳಿದು ಗಾಡಿಯ ಪಕ್ಕ ನಡೆಯತೊಡಗಿದರು. ಎತ್ತು ನಿಧಾನವೆನಿಸಿ ಸ್ವಲ್ಪ ಮುಂದೆಯೂ ಹೋದರು.

"ಹತ್ರಿ ರಾಯರ. ಎತ್ತಿಗಿ ನಾಚಿಕಿ ಆಗಾಕತ್ತದ."

"ನಾಚಿಕಿ ಆದ್ರ ಜೋರು ನಡೀತಾವಲ್ಲ."

"ಜೋರು ನಡದ್ರ ನಿಮ್ಮನ್ನ ಹಿಡಿಯಾಕ ನನಗ ಕುದರಿ ಬೇಕಾಗ್ತದ್ರಿ."

ಮಹಾಗಾಂವದಲ್ಲಿ ಇಳಿದುಕೊಂಡು ಮರುದಿನ ಕಮಲಾಪುರ ಮುಟ್ಟಿದರು. ಬಯಲು ಮುಗಿದು ನೆಲ ಏರಿಳಿಯತೊಡಗುವ ಸೀಮೆ ಅದು. ಊರಿನ ಕೆಳಗೆ ಕಣಿವೆ, ಕಣಿವೆಯಲ್ಲಿ ಬೆಣ್ಣೆತೊರೆಯತ್ತ ಹರಿಯುವ ಹಳ್ಳ. ಹಳ್ಳದ ಎರಡೂ ದಂಡೆಗೆ ಬಾಳೆಯ ತೋಟಗಳು. ತೋಟಗಳ ನಡುವೆ ಊರವರು ತಲೆತಲಾಂತರದಿಂದ ತುಳಿದ ಕಾಲುದಾರಿ ಇಳಿದು, ಕಲ್ಲುಗಳ ಮೇಲೆ ಹಳ್ಳ ದಾಟಿ, ಆಚೆಯ ತೋಪಿಗೆ ಹೋಗಿ, ಅಲ್ಲಿಂದ ನೀರಿನ ಪಕ್ಕದಲ್ಲೇ ಗುಡ್ಡ ಏರುತ್ತಿತ್ತು. ಪಂಚಮಿಗೆ ಜೋಕಾಲಿ ಕಟ್ಟುವುದು ಆ ತೋಪಿನಲ್ಲೇ. ಶ್ರಾವಣದ ಸೋಮವಾರಗಳಲ್ಲಿ ಒಕ್ಕಲಿಗರ ಮನೆಯವರು ಬುತ್ತಿ ಕಟ್ಟಿಕೊಂಡು ಬರುವುದೂ ಅಲ್ಲಿಗೇ. ಮನೆಯ ಹೊಸ್ತಿಲು ದಾಟದ ಸೊಸೆಯಂದಿರೂ ಇಂಥ ದಿನ ಆ ಹಾದಿಯಲ್ಲಿ ಕೈಬೀಸಿ ನಡೆಯುತ್ತಿದ್ದರು.

ಚತುರ್ದಶಿಯ ದಿನ ರಾಯರು ಹಳ್ಳದಲ್ಲಿ ಮಿಂದು ಗುಡಿಯಲ್ಲಿ ಸಂಧ್ಯೆ ಮುಗಿಸಿ ತೋಪಿಗೆ ಬಂದರು. ನೆಲ್ಲಿಯ ಬುಡಕ್ಕೆ ಸಾರಿಸಿ ರಂಗೋಲಿ ಹಾಕಿತ್ತು. ದಾಮೋದರನ ಪೂಜೆಯಾಗಿತ್ತು. ಪರಿಚಯದ ನಾಲ್ಕಾರು ಮನೆಯವರು ಬಂದಿದ್ದರು. ತರುಣಿಯರು ಕೈಕೈ ಹಿಡಿದು ಹಿಂದಕ್ಕೆ ಬಾಗಿ ಗಿರ್ರನೆ ಫುಗಡಿ ಆಡುತ್ತಿದ್ದರು. ಒಬ್ಬಳ ಸೆರಗು ಇನ್ನೊಬ್ಬಳ ಕಾಲಿಗೆ ಸಿಕ್ಕು ಇಬ್ಬರೂ ಬಿದ್ದರು, ಬಿದ್ದು ನಕ್ಕರು. ಸಕ್ಕೂಬಾಯಿ ಆಟಕ್ಕೆ ಹೋಗಿರಲಿಲ್ಲ. ಮಡಿಯುಟ್ಟು ಒಲೆಯ ಮುಂದೆ ಇದ್ದಳು. ತಂದೆಯನ್ನು ಕಂಡು ಎದ್ದು ಬಂದು ನಮಸ್ಕಾರ ಮಾಡಿದಳು.

"ಎಷ್ಟು ಇಳದೀರಿ ಅಪ್ಪಾ!"

"ನಡೀತೀನಲ್ಲ, ಅದಕ."

"ಇವತ್ತು ಕೂತು ಉಣ್ರಿ. ನಾ ಬಡಸ್ತೀನಿ. ಏಳೂಹಂಗಿಲ್ಲ."

ಅವಳ ಅವ್ವನೂ ಹೀಗೆಯೇ ಗದರಿಸುತ್ತಿದ್ದಳು. ರಾಯರು ಮುಖ ತಿರುಗಿಸಿ ಹಳ್ಳದ ಕಡೆ ನೋಡಿದರು.

ಬಿಸಿಲೇರಿದ ಮೇಲೆ ಗಂಡಸರ ಪಂಕ್ತಿ ಕೂತಿತು. ಉದ್ದಕ್ಕೆ ಬಾಳೆಯೆಲೆ, ಮೊದಲನೆಯ ಎಲೆ ರಾಯರದು. ಪಕ್ಕದಲ್ಲಿ ಅಳಿಯ ಪಾಂಡುರಂಗ. ಅವನು ಊರಿನ ಜಮೀನಿನ ಲೆಕ್ಕ ಬರೆಯುವ ಪಟವಾರಿ, ಮಿತಭಾಷಿ. ಎಲೆಯ ತುದಿಗೆ ನೆಲ್ಲಿಕಾಯಿಯ ಚಟ್ನಿ ಬಂತು, ಕೋಸಂಬರಿ ಬಂತು, ಹೋಳಿಗೆ ಬಂತು. ಸಕ್ಕೂಬಾಯಿ ಅನ್ನದ ಮೇಲೆ ಬೇಳೆಯ ವರಣ ಬಡಿಸಿ ತುಪ್ಪದ ಬಟ್ಟಲು ಹಿಡಿದು ನಿಂತಳು. ರಾಯರಿಗೆ ಹಸಿವಾಯಿತು. ಹಸಿವೆಂಬುದು ಹೀಗಿರುತ್ತದೆಂದು ಅವರಿಗೆ ಮರೆತೇ ಹೋಗಿತ್ತು. ಎಲೆಯ ಸುತ್ತ ನೀರು ತಿರುವಿ, ಆಪೋಶನಕ್ಕೆಂದು ಅಂಗೈಯಲ್ಲಿ ಗುಟುಕು ನೀರು ಹಿಡಿದುಕೊಂಡರು. ಆ ನೀರು ಕುಡಿದರೆ ಊಟ ತೊಡಗಿದಂತೆ. ತೊಡಗಿದ ಮೇಲೆ ನಡುವೆ ಏಳುವಂತಿಲ್ಲ. ಹಿರಿಯರು ಕುಡಿಯಲೆಂದು ಪಂಕ್ತಿಯವರೆಲ್ಲ ಅಂಗೈಯಲ್ಲಿ ನೀರು ಹಿಡಿದು ಕಾದರು.

ಆಗ ಪಾಂಡುರಂಗನ ತಾಯಿ ಗೋದೂಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಪಂಕ್ತಿಯ ಮುಂದೆ ಬಂದಳು. ಬಾಯಿ ಜೋರಿನ ಹೆಂಗಸು. ಮನೆಗೆ ಬಂದವರನ್ನು ನಗಿಸಬೇಕೆಂಬ ಹಂಬಲ ಬಹಳ. ಯಾರನ್ನು ನೋಯಿಸಿ ನಗಿಸಿದೆನೆಂಬ ಎಚ್ಚರ ಕಡಿಮೆ.

"ಬೀಗರ, ಸಂಕೋಚ ಮಾಡಬ್ಯಾಡ್ರಿ ಮತ್ತ. ಮಂದಿ ಜಾಗಾ ಅಲ್ಲ ಇದು. ಯುಗಾದಿಗೆ ನಮ್ಮ ಪಾಂಡ್ಯಾನೇ ಈ ತೋಪು ತೊಗೊಂಡಾನ. ಮೊಮ್ಮಗ ಹುಟ್ಟೂತನಕಾ ನಮ್ಮ ನೆಲದ ಮ್ಯಾಲ ಉಣ್ಣಂಗಿಲ್ಲ ಅಂತಿದ್ರಲ್ಲ? ಹಾದಿ ನೋಡಿ ನೋಡಿ ಬ್ಯಾಸತ್ತು ನೀವೇ ಕೂತ್ರಿ ನೋಡ್ರಿ!"

ಪಂಕ್ತಿಯಲ್ಲಿ ಒಬ್ಬಿಬ್ಬರು ನಕ್ಕರು. ಪಾಂಡುರಂಗ ತಲೆ ತಗ್ಗಿಸಿದ. ರಾಯರು ಮಗಳ ಮುಖ ನೋಡಿದರು. ಅವಳು ತುಪ್ಪದ ಬಟ್ಟಲಿನೊಳಗೆ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕರೆಸಿದ್ದಳು.

ರಾಯರು ಅಂಗೈಯ ನೀರನ್ನು ಎಲೆಯ ಪಕ್ಕದ ಮಣ್ಣಿಗೆ ಬಿಟ್ಟು ಎದ್ದು ನಿಂತರು. ಉಳಿದವರು ಕುಡಿಯಲೂ ಬಾರದೆ ಚೆಲ್ಲಲೂ ಬಾರದೆ ಅಂಗೈ ಮುಂದೆ ಹಿಡಿದು ಹಾಗೆಯೇ ಕೂತರು. ನೀರು ಬೆರಳ ಸಂದಿಯಿಂದ ಸೋರುತ್ತಿತ್ತು.

"ಮಾವನೋರ..." ಎಂದ ಪಾಂಡುರಂಗ.

ರಾಯರು ಆಗಲೇ ತೋಪು ದಾಟಿ ಗುಡ್ಡದ ಹಾದಿ ಹಿಡಿದಿದ್ದರು.

ಹಾದಿ ಹಳ್ಳವನ್ನು ಬಿಡದೆ ಮೇಲಕ್ಕೆ ಹೋಗುತ್ತಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಕಾರೆ, ಬಾರಿಯ ಮುಳ್ಳುಕಂಟಿ. ರಾಯರು ಜಪ ಮಾಡಹೋದರು. ನಾಮ ಬಾಯಿಗೆ ಬಂದು ಅಲ್ಲಿಯೇ ತಪ್ಪಿಹೋಗುತ್ತಿತ್ತು. ಮಗಳು ಮೋಸ ಮಾಡಿದಳೆಂಬುದು ಒಂದು. ಪಂಕ್ತಿ ಕೆಡಿಸಿ ಎದ್ದು ಬಂದೆನೆಂಬುದು ಇನ್ನೊಂದು. ಎದ್ದದ್ದು ಸರಿ ಎಂದುಕೊಂಡರು. ನಾಲ್ಕು ಹೆಜ್ಜೆ ಹೋದ ಮೇಲೆ ಅಷ್ಟು ಜನರೆದುರು ಅವಳನ್ನು ಬಿಟ್ಟು ಬಂದದ್ದು ನೆನಪಾಗಿ ನಿಂತರು. ನಿಲ್ಲಲೂ ಆಗಲಿಲ್ಲ. ಮತ್ತೆ ನಡೆದರು.

"ನಿಂದರ್ರಿ ಅಪ್ಪಾ! ನನ್ನ ಕಾಲಾಗ ಏನೂ ಇಲ್ಲ. ಮುಳ್ಳು ಭಾಳ ಅವ."

ಸಕ್ಕೂಬಾಯಿ ಮಡಿಸೀರೆಯ ನೆರಿಗೆ ಎತ್ತಿ ಹಿಡಿದು ಏರಿ ಬರುತ್ತಿದ್ದಳು. ರಾಯರು ತಿರುಗದೆ ನಿಂತರು.

"ಮೋಸ ಮಾಡಿದ್ಯಲ್ಲ ಸಕ್ಕೂ."

"ಹೂಂ, ಮಾಡಿದೆ."

ಇಲ್ಲವೆಂದಾಳು, ಅತ್ತಾಳು ಎಂದುಕೊಂಡಿದ್ದ ರಾಯರು ತಿರುಗಿ ಅವಳನ್ನು ನೋಡಿದರು.

"ಒಮ್ಮೆ ಉಂಡು ಮುಗದಿದ್ರ, ತೋಪು ನಮ್ಮದು ಅಂತ ಆಮ್ಯಾಲ ಹೇಳಾಕಿದ್ದೆ. ಹ್ಯಾಂಗೂ ಮುರಿದದ ಅಂತ ಮನಿಗೂ ಬರ್ತೀರಿ ಅನಕೊಂಡಿದ್ದೆ. ಅತ್ತಿಯವರ ಬಾಯಿಗೆ ಕೀಲಿ ಹಾಕೂದು ನನ್ನ ಕೈಯಾಗ ಇಲ್ಲಲ್ಲ."

"ನಾ ಮಾಡಿದ ಕಟ್ಟಲ್ಲವ್ವಾ ಇದು."

"ನೀವು ಮಾಡಿದ್ದಲ್ಲ. ನಡಸಾವ್ರು ಮಾತ್ರ ನೀವು." ಸಕ್ಕೂಬಾಯಿ ಉಸಿರು ತೆಗೆದುಕೊಂಡಳು. "ಅಪ್ಪಾ, ನೀವು ಬಂದಾಗೊಮ್ಮೆ ಮಾರುತಿ ಗುಡ್ಯಾಗ ಒಲಿ ಹೂಡ್ತೀರಿ. ಆ ಹೊಗಿ ಊರಿಗೆಲ್ಲಾ ಕಾಣ್ತದ. ನೀರಿಗೆ ಬಂದ ಹೆಂಗಸರು ಹೊಗಿ ನೋಡಿ ನನ್ನ ಹೊಟ್ಟಿ ನೋಡ್ತಾರ. ಉಳದ ದಿನಾ ಅವರಿಗೆ ನೆನಪಿರಂಗಿಲ್ಲ. ನೀವು ಬಂದಾಗ ನೆನಪಾಗ್ತದ. ನೀವು ಬರ್ತೀರಂದ್ರ ನನಗ ಸಂತೋಷನೂ ಆಗ್ತದ, ಎಂದು ಹೋಗ್ತೀರೋ ಅಂತನೂ ಆಗ್ತದ. ಹಿಂಗ ಅನಸೂದು ಪಾಪ ಅಲ್ಲೇನು?"

ರಾಯರು ಹಳ್ಳದ ನೀರು ನೋಡುತ್ತ ನಿಂತರು. ಅಷ್ಟು ವರ್ಷ ಆ ಕಟ್ಟನ್ನು ಅವರು ಮಗಳ ಮೇಲಿನ ಗೌರವವೆಂದೇ ತಿಳಿದಿದ್ದರು. ಗುಡಿಯಲ್ಲಿ ಬೇಯುವ ಅನ್ನದಿಂದ ಅವಳ ಮರ್ಯಾದೆ ಬೇಯುತ್ತಿದೆಯೆಂದು ಅವರಿಗೆ ಹೊಳೆದಿರಲಿಲ್ಲ.

"ಇಲ್ಲೇ ತಂದು ಬಡಸ್ತಿ ಅಂದ್ರ ಉಣ್ತೀನಿ," ಎಂದು ಸಣ್ಣ ದನಿಯಲ್ಲಿ ಹೇಳಿದರು, "ಹಳ್ಳದ ಪಾತ್ರ ಸರಕಾರದ್ದು. ಇಲ್ಲಿ ದೋಷ ಇಲ್ಲ."

"ನನಗೂ ಗೊತ್ತದ. ಬೇಕಂತನೇ ಬರಿಗೈಲೆ ಬಂದೀನಿ. ಗಿಡದ ಬುಡಕ ಉಣ್ತೀರಿ, ಕಲ್ಲಿನ ಮ್ಯಾಲ ಉಣ್ತೀರಿ. ನಾ ಇದ್ದ ಮನಿ ಅಷ್ಟ ಬ್ಯಾಡ. ಉಣ್ಣೂದಿದ್ರ ನನ್ನ ಮನಿಯಾಗ ಉಣ್ರಿ. ಇಲ್ಲಂದ್ರ ಮಾಪಣ್ಣನ ಗಾಡಿ ಇವತ್ತೇ ಕಟ್ಟಸ್ತೀನಿ."

"ನಿಮ್ಮವ್ವನೂ ಈ ಕಟ್ಟು ನಡಸಿದಾಕಿನೇ. ಅಕಿ ಒಂದು ದಿನಾ ಹಿಂಗ ಮಾತಾಡ್ಲಿಲ್ಲ."

ಸಕ್ಕೂಬಾಯಿ ಅಂಗಾಲು ಎತ್ತಿ ಮುಳ್ಳು ಕಿತ್ತು ಒಗೆದಳು. ಆಮೇಲೆ ಮೆಲ್ಲಗೆ, "ಅವ್ವ ಉಂಡಾಳ," ಎಂದಳು.

"ಏನಂದಿ?"

"ನಮ್ಮನಿಯಾಗ. ಜ್ವರದ ಹಿಂದಿನ ಬ್ಯಾಸಗಿಗೆ ಬಂದಿದ್ರಲ್ಲ, ನೀವು ಗುಡ್ಯಾಗ ಮಲಗಿದ್ರಿ. ಅತ್ತಿಯವರು ಪುರಾಣಕ್ಕ ಹೋಗಿದ್ರು. ಅವ್ವ ಹಿತ್ತಲ ಬಾಗಲದಿಂದ ಅಡಗಿಮನಿಗೆ ಬಂದ್ಲು. ಒಲಿ ಮುಂದ ಕೂತು, ಏನರೆ ಹಾಕು ಸಕ್ಕೂ ಅಂದ್ಲು. ತಂಗಳ ಭಕ್ರಿ ಇತ್ತು. ಬಿಸೀದು ಬಡೀತೀನಿ ಅಂದ್ರ, ಬ್ಯಾಡ, ಸಪ್ಪಳಾ ಕೇಳೀತು ಅಂದ್ಲು. ಮಜ್ಜಿಗ್ಯಾಗ ಕಲಸಿಕೊಂಡು ಉಂಡು ಬಾಯಿ ಒರಸ್ಕೊಂಡ್ಲು. ನಿಮ್ಮಪ್ಪಗ ಹೇಳಬ್ಯಾಡ, ಪಾಪ, ಅವರಿಗೆ ತಡ್ಯಂಗಿಲ್ಲ ಅಂದ್ಲು."

ರಾಯರು ಹಾದಿಯ ಪಕ್ಕದ ಬಂಡೆಯ ಮೇಲೆ ಕೂತುಬಿಟ್ಟರು.

ಮೊದಲು ಸಿಟ್ಟು ಬಂತು. ಇಷ್ಟು ದಿನ ಅವಳ ಸದ್ಗತಿಗೆಂದು ಮಾಡಿದ ಜಪ, ಕೊಟ್ಟ ದಾನ ಎಲ್ಲಿಗೆ ಹೋಯಿತೋ ಎಂಬ ಹೆದರಿಕೆ ಬಂತು. ಅದರ ಹಿಂದೆಯೇ, ಕದ್ದು ಒಲೆಯ ಮುಂದೆ ಕೂತು ತಂಗಳು ಉಣ್ಣುವ ಹೆಂಡತಿ ಕಣ್ಣಿಗೆ ಕಂಡಳು. ಅವಳು ಹೋದ ಮೇಲೆ ಇಷ್ಟು ಸ್ಪಷ್ಟವಾಗಿ ಅವರಿಗೆ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂದು ಗಡ್ಡದ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಚಲೋ ಉಂಡ್ಲೇನು?" ಎಂದು ಕೇಳಿದರು.

"ಎರಡನೇದ್ದು ಬೇಡಿ ಹಾಕಿಸ್ಕೊಂಡ್ಲು."

ಕೆಳಗೆ ತೋಪಿನಲ್ಲಿ ಪಾತ್ರೆಗಳನ್ನು ಎತ್ತಿಡುವ ಸದ್ದು ಕೇಳುತ್ತಿತ್ತು.

"ಹೆಂಡತಿ ಮಾಡಿದ ದೋಷದಾಗ ಅರ್ಧಾ ಗಂಡಗ ಬರ್ತದ ಅಂತ ಶಾಸ್ತ್ರ ಹೇಳ್ತದ," ಎಂದರು ರಾಯರು ಕೊನೆಗೆ, ಅದಾಲತ್ತಿನಲ್ಲಿ ಕೈಫಿಯತ್ತು ಓದುವ ದನಿಯಲ್ಲಿ. "ಅಕಿ ಉಂಡ ದಿನಾನೇ ಅರ್ಧಾ ನನಗ ಹತ್ತೇದ. ಗೊತ್ತಿಲ್ಲದೆ ಹೊತಗೊಂಡು ತಿರಗ್ಯಾಡೀನಿ."

"ಅಪ್ಪಾ..."

"ತಡಿ. ಅಕಿ ಉಪವಾಸ ಮಾಡ್ತಿದ್ಲು, ಆಯುಷ್ಯ ನನಗ ಬೇಡ್ತಿದ್ಲು. ಅದನ್ನ ಬ್ಯಾಡ ಅನ್ಲಿಲ್ಲ ನಾ. ಇದೊಂದು ಪಾಲು ಬ್ಯಾಡ ಅಂದ್ರ ಹ್ಯಾಂಗ? ಇದಕ್ಕೇನು ಫಲ ಅದನೋ, ಅದನ್ನ ಅಕಿ ಒಬ್ಬಾಕಿನೇ ಅಲ್ಲಿ ಉಣ್ಣೂದು ಬ್ಯಾಡ."

ಮೊಳಕಾಲಿಗೆ ಕೈಯೂರಿ ಎದ್ದರು. "ನಡಿ. ಮುಳ್ಳು ನೋಡಿ ಕಾಲಿಡು."

ತೋಪಿಗೆ ಬರುವಷ್ಟರಲ್ಲಿ ಜನ ಹೋಗಿದ್ದರು. ಎಲೆಗಳನ್ನು ಮಾಪಣ್ಣನ ಎತ್ತುಗಳು ತಿನ್ನುತ್ತಿದ್ದವು. ತಂದೆಮಗಳು ಹಳ್ಳ ದಾಟಿ ಊರೊಳಗೆ ಬಂದಾಗ ಹೊತ್ತು ಇಳಿದಿತ್ತು. ಮಾರುತಿ ಗುಡಿಯ ಮುಂದೆ ಬಂದು ರಾಯರು ಕೈಮುಗಿದರು. ಕಾಲು ರೂಢಿಯಂತೆ ಒಳಗೆ ತಿರುಗಿತು. ಸಕ್ಕೂಬಾಯಿ ಹಾದಿಯಲ್ಲೇ ನಿಂತಳು. ರಾಯರು ಕಾಲು ಹಿಂದಕ್ಕೆ ತೆಗೆದು ಓಣಿ ಹಿಡಿದರು.

ಪಡಸಾಲೆಯಲ್ಲಿ ಗೋದೂಬಾಯಿ ಗೋಡೆಗೆ ಒರಗಿ ಕೂತಿದ್ದಳು. ಅವಳೂ ಉಂಡಿರಲಿಲ್ಲ. ಬೀಗರು ಹೊರಗಿನ ಕಟ್ಟೆಯಲ್ಲಿ ನಿಲ್ಲದೆ ಒಳಗೇ ಬಂದದ್ದು ಕಂಡು ಗಡಬಡಿಸಿ ಎದ್ದಳು.

"ನಾ ನಗಿಚಾಟಿಗಿ ಅಂದಿದ್ದೆರೀ ಬೀಗರ. ಸಿಟ್ಟಿಗೇಳಬ್ಯಾಡ್ರಿ. ನನ್ನ ನಾಲಿಗಿಗೆ ಎಲುಬಿಲ್ಲ."

"ನನಗ ಹಸಿವ್ಯಾಗೇದ ಬೀಗತೀ. ಎಲಿ ಹಾಕಸ್ರಿ."

"ಎಲ್ಲಿ ಹಾಕಸ್ಲಿ?"

"ಎಲ್ಲಿ ಅಂದ್ರ? ಅಡಗಿಮನಿ ಮುಂದ, ನಿಮ್ಮ ಮನಿಯಾಗ ಎಲ್ಲಿ ಹಾಕ್ತೀರಿ ಅಲ್ಲೇ."

ಗೋದೂಬಾಯಿ ಮಗನ ಮುಖ ನೋಡಿದಳು. ಪಾಂಡುರಂಗ ತಾನೇ ಮಣೆ ತಂದಿಟ್ಟ. ಸಕ್ಕೂಬಾಯಿ ಕಾಲು ತೊಳೆದು ಬಂದು ತೋಪಿನಿಂದ ತಂದಿದ್ದ ಅನ್ನವನ್ನು ಬಿಸಿ ಮಾಡಿ ಬಡಿಸಿದಳು. ಮೇಲೆ ತುಪ್ಪ ಹಾಕಿದಳು.

ರಾಯರು ನೀರು ತಿರುವಿ ಅಂಗೈಯಲ್ಲಿ ಗುಟುಕು ಹಿಡಿದರು. ತಂದೆ, ಅಜ್ಜ ಎದುರಿಗೆ ನಿಂತಂತಾಯಿತು. ಹೊರಗೆ ಹೋಗೆಂದು ಕಾಲು ಸೆಳೆಯಿತು. ಇನ್ನೂ ಏಳಬಹುದು, ಕುಡಿದ ಮೇಲೆ ಏಳುವಂತಿಲ್ಲ. "ವಿಠ್ಠಲಾ, ನಿನಗ ಒಪ್ಪಿಸ್ದೆ," ಎಂದು ಬಾಯೊಳಗೆ ಅಂದು ಕುಡಿದರು. ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಎರಡನೆಯದು ಇಟ್ಟರು.

ಗೋದೂಬಾಯಿ ಅದನ್ನೇ ನೋಡುತ್ತ ನಿಂತಿದ್ದವಳು ಸರ್ರನೆ ಹಿತ್ತಲಿಗೆ ನಡೆದಳು. ನೆರೆಮನೆಯ ಗೋಡೆಯ ಹತ್ತಿರ ಅವಳ ಧ್ವನಿ ಎದ್ದಿತು. ಓಣಿಯ ತುದಿಯ ತನಕ ಕೇಳುವ ಧ್ವನಿ.

"ಸೂಗವ್ವಾ! ಏ ಸೂಗವ್ವಾ! ಒಂದು ತಂಬಿಗಿ ಹಾಲು ಕೊಡವಾ, ಜಲ್ದಿ! ನಮ್ಮ ಬೀಗರು ಊಟಕ್ಕ ಕೂತಾರ!"

"ಅತ್ತಿಯವ್ರ, ಹಾಲು ಮನಿಯಾಗೇ ಅದಲ್ರಿ," ಎಂದಳು ಸಕ್ಕೂಬಾಯಿ ಒಳಗಿನಿಂದ. ಗೋದೂಬಾಯಿ ಕೇಳಿಸಿಕೊಳ್ಳಲಿಲ್ಲ.

"ಎಲ್ಲಿ ಕೂತಾರ‍್ರಿ? ಗುಡ್ಯಾಗೇನು?" ಎಂದಳು ಗೋಡೆಯಾಚೆಯಿಂದ ಸೂಗವ್ವ.

"ಗುಡ್ಯಾಗ ಯಾಕ? ಮನಿಯಾಗ! ಮಗಳು ಬಡಸ್ಲಿಕತ್ತಾಳ, ಅಪ್ಪ ಉಣ್ಲಿಕತ್ತಾರ!"

"ಹೌದಾ? ಹಂಗಾದ್ರ ಅಕ್ಕೋರಿಗಿ ಏನರ ವಿಶೇಷ ಅದ ಏನ್ರಿ?"

ಒಳಗೆ ಸಕ್ಕೂಬಾಯಿಯ ಕೈಯಲ್ಲಿ ಸೌಟು ನಿಂತಿತು. ರಾಯರ ಕೈಯ ತುತ್ತೂ ಅಲ್ಲಿಯೇ ನಿಂತಿತು.

"ಏನೂ ವಿಶೇಷ ಇಲ್ಲ," ಎಂದಳು ಗೋದೂಬಾಯಿ, ಇನ್ನೂ ಗಟ್ಟಿಯಾಗಿ. "ಮಗಳ ಮನಿಗೆ ತಂದಿ ಬಂದಾರ, ಉಣ್ಲಿಕತ್ತಾರ. ನೀ ಹಾಲು ಕೊಡ್ತೀಯೋ ಇಲ್ಲೋ, ಅಷ್ಟು ಹೇಳು."